ಸಾಯಲೆಂದೇ ಬಂದ ಪಾತ್ರವನ್ನು ತೂಗಿ ನೋಡುವ ಬಗೆ

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ನೋಡಿದವರು ನಾಲ್ಕು ಜನ ಸೇರಿದರೆ ಒಂದು ಜಗಳ ಖಾಯಂ. ಶಿರೀನ್ ಸತ್ತದ್ದರಿಂದ ಕತೆಗೆ ಏನಾಯಿತು? ರಿಕನ್ ಹುಟ್ಟದೇ ಇದ್ದಿದ್ದರೆ ಏನು ಕಡಿಮೆಯಾಗುತ್ತಿತ್ತು? ಹೋಡರ್ ಎಲ್ಲರನ್ನೂ ಅಳಿಸಿದ, ಸರಿ, ಆದರೆ ಕತೆಯನ್ನು ಒಂದಿಂಚಾದರೂ ಮುಂದಕ್ಕೆ ತಳ್ಳಿದನೇ? ಎರಡೂ ಕಡೆಯವರು ಸಾವಿನ ದೃಶ್ಯವನ್ನೇ ಹಿಡಿದುಕೊಂಡು ಜಗ್ಗಾಡುವುದರಿಂದ ಈ ಜಗಳ ಮುಗಿಯುವುದೇ ಇಲ್ಲ. ಆ ದೃಶ್ಯದಲ್ಲಿ ಉತ್ತರ ಸಿಗುವುದು ಅಪರೂಪ. ಬದುಕಿದ್ದಾಗ ಆ ಪಾತ್ರ ಯಾರ ಕೈಗೆ ಏನು ಕೊಟ್ಟಿತು, ಪಡೆದವರು ಅದನ್ನು ಎಲ್ಲಿ ಬಳಸಿದರು ಎಂದು ನೋಡಿದರೆ ಸಿಗುತ್ತದೆ. ಹಾಗೆ ನೋಡುವ ಕ್ರಮ ಇದು. 2011ರ ಏಪ್ರಿಲ್‌ನಿಂದ 2019ರ ಮೇ ತನಕ ಬಂದ ಎಂಟು ಸೀಸನ್, 73 ಎಪಿಸೋಡ್‌ಗಳ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ.

ಮೊದಲ ಕೆಲಸ: ಐದು ಕಾಲಂ

ಒಂದು ನೋಟ್‌ಬುಕ್ ಅಡ್ಡ ಹಿಡಿದು ಐದು ಕಾಲಂ ಎಳೆದುಕೊಳ್ಳಿ. ಮೊದಲನೆಯದರಲ್ಲಿ ಸೀಸನ್ ಮತ್ತು ಎಪಿಸೋಡ್ ಸಂಖ್ಯೆ, ಐದನೇ ಸೀಸನ್‌ನ ಒಂಬತ್ತನೇ ಎಪಿಸೋಡ್ ಆದರೆ 5.9. ಎರಡನೆಯದರಲ್ಲಿ ಆ ದೃಶ್ಯದಲ್ಲಿ ಪಾತ್ರ ಮಾಡಿದ್ದು ಅಥವಾ ಕೊಟ್ಟದ್ದು. ಮೂರನೆಯದರಲ್ಲಿ ಅದನ್ನು ಪಡೆದವರು. ನಾಲ್ಕನೆಯದರಲ್ಲಿ ಆ ಕೊಟ್ಟದ್ದು ಮತ್ತೆ ತಲೆ ಎತ್ತಿದ ಎಪಿಸೋಡ್. ಐದನೆಯದರಲ್ಲಿ ಒಂದೇ ಪ್ರಶ್ನೆಗೆ ಉತ್ತರ: ಈ ಕೆಲಸವನ್ನು ಬೇರೆ ಯಾರಾದರೂ ಮಾಡಬಹುದಿತ್ತೇ? ಹೌದು, ಇಲ್ಲ, ಕಷ್ಟವಿತ್ತು. ಈ ಮೂರರಲ್ಲೊಂದನ್ನು ಬರೆದರೆ ಸಾಕು.

ನಾಲ್ಕನೇ ಕಾಲಂ ತಕ್ಷಣ ತುಂಬುವುದಿಲ್ಲ. ಪಾತ್ರ ಸತ್ತ ಮೇಲೂ ಕನಿಷ್ಠ ಒಂದು ಸೀಸನ್, ಸಾಧ್ಯವಾದರೆ ಎರಡು ಸೀಸನ್, ನೋಡುತ್ತ ಹೋಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪಾತ್ರ ಸತ್ತಿತು, ಲೆಕ್ಕ ಮುಗಿಯಿತು ಎಂದು ನೋಟ್‌ಬುಕ್ ಮುಚ್ಚಿಬಿಡುತ್ತಾರೆ.

ಸಾವಿನ ದೃಶ್ಯವನ್ನು ಕೊನೆಗೆ ನೋಡಿ. ಅದೂ ಎರಡು ಸಲ: ಒಮ್ಮೆ ಹಾಗೇ, ಇನ್ನೊಮ್ಮೆ ಸದ್ದು ಪೂರ್ತಿ ಆರಿಸಿ. ರಮೀನ್ ಜವಾದಿ ಕೊಟ್ಟ ಸಂಗೀತ ಎಷ್ಟು ಬಲವಾದದ್ದೆಂದರೆ ಯಾರು ಸತ್ತರೂ ಗಂಟಲು ಕಟ್ಟುತ್ತದೆ. ಸದ್ದಿಲ್ಲದೆ ನೋಡಿದಾಗ ದೃಶ್ಯದಲ್ಲಿ ನಿಜಕ್ಕೂ ಯಾರು ಏನು ಮಾಡುತ್ತಿದ್ದಾರೆ, ಕ್ಯಾಮೆರಾ ಯಾರ ಮುಖದ ಮೇಲೆ ನಿಂತಿದೆ ಎಂಬುದು ಕಾಣುತ್ತದೆ. ಸಾಯುವವರಿಗಿಂತ ನೋಡುವವರ ಮುಖ ಹೆಚ್ಚು ಹೊತ್ತು ತೆರೆಯ ಮೇಲಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಕೊಂಡಿಯ ಮಿತಿ

ಪಾತ್ರವನ್ನು ಕತೆಯಿಂದ ಕಿತ್ತು ನೋಡಿ, ಏನು ಕುಸಿಯುತ್ತದೆ ಎಂದು ಲೆಕ್ಕ ಹಾಕಿ. ಇದು ಎಲ್ಲರೂ ಹೇಳುವ ಪರೀಕ್ಷೆ, ಉಪಯೋಗದ ಪರೀಕ್ಷೆಯೂ ಹೌದು. ಆದರೆ ಮಿತಿ ಇಲ್ಲದೆ ಮಾಡಿದರೆ ದಾರಿ ತಪ್ಪುತ್ತದೆ. ಇಷ್ಟು ದೊಡ್ಡ ಕತೆಯಲ್ಲಿ ಎಲ್ಲಕ್ಕೂ ಎಲ್ಲವೂ ಕಾರಣ. ಮೊದಲ ಎಪಿಸೋಡ್‌ನಲ್ಲಿ ಓಡಿಹೋಗಿ ತಲೆ ಕಳೆದುಕೊಂಡ ಕಾವಲುಗಾರನಿಂದ ಹಿಡಿದು ಕೊನೆಯ ಸಿಂಹಾಸನದವರೆಗೆ ದಾರ ಎಳೆಯಬಹುದು. ಹಾಗೆ ಎಳೆದರೆ ಪ್ರತಿ ಪಾತ್ರವೂ ಅನಿವಾರ್ಯ ಎನಿಸುತ್ತದೆ, ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಅದಕ್ಕೆ ಎರಡು ನಿಯಮ ಇಟ್ಟುಕೊಳ್ಳಿ. ಒಂದು, ಪಾತ್ರದಿಂದ ಫಲದವರೆಗೆ ಮೂರಕ್ಕಿಂತ ಹೆಚ್ಚು ಕೊಂಡಿ ಬೇಡ. ನಾಲ್ಕನೆಯದು ಬೇಕಾಯಿತು ಎಂದರೆ ಆ ಫಲ ಬೇರೊಬ್ಬರ ಖಾತೆಗೆ ಸೇರಿದ್ದು. ಎರಡು, ಮೊದಲ ಕೊಂಡಿಯಲ್ಲಿ ಪಾತ್ರದ ಸ್ವಂತ ಬುದ್ಧಿ, ಸ್ವಭಾವ ಅಥವಾ ನಿರ್ಧಾರ ಇರಬೇಕು. ಪಾತ್ರ ಮಾಡಿದ್ದು ಬೇರೆ, ಪಾತ್ರಕ್ಕೆ ಮಾಡಿದ್ದು ಬೇರೆ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಶಾಯಿಯಲ್ಲಿ ಬರೆಯಿರಿ. ನೀಲಿ ಮಾಡಿದ್ದಕ್ಕೆ, ಕೆಂಪು ಮಾಡಿಸಿಕೊಂಡದ್ದಕ್ಕೆ. ಕೊನೆಯಲ್ಲಿ ಪುಟವನ್ನು ದೂರ ಹಿಡಿದು ನೋಡಿದರೆ ಯಾವ ಬಣ್ಣ ಹೆಚ್ಚು ಎಂಬುದೇ ಅರ್ಧ ಉತ್ತರ.

ಶಿರೀನ್: ಪೂರ್ತಿ ಲೆಕ್ಕ

ಸಿಂಹಾಸನಕ್ಕೆ ಹಕ್ಕು ಹೂಡಿದ ಸ್ಟ್ಯಾನಿಸ್ ಬರಾಥಿಯನ್‌ನ ಮಗಳು ಶಿರೀನ್ ಮೊದಲು ಕಾಣುವುದು 3.5ರಲ್ಲಿ, ಸಾಯುವುದು 5.9ರಲ್ಲಿ. ನಡುವೆ ಅವಳಿಗಿರುವುದು ಕೆಲವೇ ದೃಶ್ಯ. ಕೆನ್ನೆಯ ಮೇಲೆ ಕಲ್ಲುಗಟ್ಟಿದ ಚರ್ಮ, ಕೈಯಲ್ಲಿ ಪುಸ್ತಕ, ಸುತ್ತ ಗೋಡೆ. ತಂದೆಯೇ ಅವಳನ್ನು ಬೆಂಕಿಗೆ ಕೊಟ್ಟ ದೃಶ್ಯದಿಂದಲೇ ಹೆಚ್ಚಿನವರು ಅವಳನ್ನು ನೆನೆಯುತ್ತಾರೆ. ಅದನ್ನು ಸದ್ಯಕ್ಕೆ ಬದಿಗಿಟ್ಟು ಕಾಲಂ ತುಂಬಿ.

3.5ರಲ್ಲಿ ಅವಳು ಸೆರೆಮನೆಯ ಕತ್ತಲಿಗೆ ಇಳಿದು ತಂದೆಯ ಆಪ್ತ ಡಾವೋಸ್‌ನನ್ನು ಕಾಣುತ್ತಾಳೆ, ಅವನಿಗೆ ಓದಲು ಬಾರದೆಂದು ತಿಳಿದು ಅಕ್ಷರ ಕಲಿಸಲು ಕೂರುತ್ತಾಳೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಆದ್ದರಿಂದ ನೀಲಿ ಶಾಯಿ. ಅದೇ ಸೀಸನ್‌ನ ಕೊನೆಯಲ್ಲಿ, 3.10ರಲ್ಲಿ, ಉತ್ತರದ ಗೋಡೆಯ ಕಾವಲುಪಡೆ ಕಳಿಸಿದ ಪತ್ರ ಡಾವೋಸ್‌ನ ಕೈಗೆ ಬರುತ್ತದೆ. ಅವನು ಅದನ್ನು ಓದುತ್ತಾನೆ. ಬಲಿಗೆಂದು ಹಿಡಿದಿಟ್ಟ ಗೆಂಡ್ರಿಯನ್ನು ತಪ್ಪಿಸಿ ಕಳಿಸಿದ್ದಕ್ಕೆ ಅವನ ತಲೆ ಹೋಗಬೇಕಾದ ಹೊತ್ತಿನಲ್ಲಿ ಆ ಪತ್ರವೇ ಅವನನ್ನು ಉಳಿಸುತ್ತದೆ, ಸ್ಟ್ಯಾನಿಸ್‌ನನ್ನು ಗೋಡೆಯ ಕಡೆ ತಿರುಗಿಸುತ್ತದೆ. 4.10ರಲ್ಲಿ ಸ್ಟ್ಯಾನಿಸ್‌ನ ಕುದುರೆ ಸೈನ್ಯ ಕಾಡಿನ ಎರಡು ಬದಿಯಿಂದ ನುಗ್ಗಿದಾಗ ಉಸಿರು ಬಿಟ್ಟವರು ಆ ದಾರದ ತುದಿ ಎಲ್ಲಿದೆ ಎಂದು ಒಮ್ಮೆ ಹಿಂತಿರುಗಿ ನೋಡಲಿ: ಕಂಬಿಯ ಆಚೆಯಿಂದ ಅಕ್ಷರ ತೋರಿಸುತ್ತಿದ್ದ ಹುಡುಗಿ. ಕೊಂಡಿಗಳು ಮೂರು: ಓದು, ಪತ್ರ, ಸೈನ್ಯ. ಮಿತಿಯೊಳಗಿದೆ.

ಐದನೇ ಕಾಲಂನಲ್ಲಿ ಏನು ಬರೆಯುತ್ತೀರಿ? ಡಾವೋಸ್‌ಗೆ ಬೇರೆ ಯಾರಾದರೂ ಪತ್ರ ಓದಿ ಹೇಳಬಹುದಿತ್ತು. ಆದರೆ ಅವನು ಓದಿದ್ದು ತಾನೇ, ಸಾವಿನ ಅಂಚಿನಲ್ಲಿ ಅದನ್ನು ಬಳಸಿದ್ದೂ ತಾನೇ. ‘ಕಷ್ಟವಿತ್ತು’ ಎಂದು ಬರೆಯುವುದು ನ್ಯಾಯ.

ಈಗ ಎರಡನೇ ಸಾಲು. ಐದನೇ ಸೀಸನ್‌ನಲ್ಲಿ ಗೋಡೆಯ ಕಾವಲುಪಡೆಯ ಕೋಟೆ ಕ್ಯಾಸಲ್ ಬ್ಲ್ಯಾಕ್‌ನಲ್ಲಿ ಶಿರೀನ್, ಕಾವಲುಗಾರ ಸ್ಯಾಮ್‌ನ ಜೊತೆಗಾತಿ ಗಿಲ್ಲಿಗೂ ಅಕ್ಷರ ಕಲಿಸುತ್ತಾಳೆ. ನೋಡುವಾಗ ಇದು ಕತೆ ಉಸಿರಾಡಲೆಂದು ಇಟ್ಟ ಪುಟ್ಟ ದೃಶ್ಯ ಅನಿಸುತ್ತದೆ. ಎರಡು ಸೀಸನ್ ಕಳೆದು 7.5ರಲ್ಲಿ ಗಿಲ್ಲಿ ವಿದ್ವಾಂಸರ ನೆಲೆಯಾದ ಸಿಟಾಡೆಲ್‌ನಲ್ಲಿ ಕೂತು ಹಳೆಯ ಹೈ ಸೆಪ್ಟನ್‌ನ, ಅಂದರೆ ಪ್ರಧಾನ ಅರ್ಚಕನ, ದಿನಚರಿಯನ್ನು ಜೋರಾಗಿ ಓದುತ್ತಾಳೆ. ರಾಜಕುಮಾರನೊಬ್ಬನ ಮದುವೆ ರದ್ದಾಗಿ, ಇನ್ನೊಂದು ಮದುವೆ ಗುಟ್ಟಾಗಿ ನಡೆದ ವಿಷಯ ಅವಳ ಬಾಯಿಂದಲೇ ಹೊರಬರುತ್ತದೆ. ಹೆಸರನ್ನು ತಪ್ಪಾಗಿ ಉಚ್ಚರಿಸುತ್ತಾಳೆ, ಸ್ಯಾಮ್ ಅವಳ ಮಾತು ಕತ್ತರಿಸುತ್ತಾನೆ. ಆದರೂ 7.7ರಲ್ಲಿ ಸ್ಯಾಮ್ ಮತ್ತು ಹಿಂದಿನದನ್ನು ನೋಡಬಲ್ಲ ಬ್ರ್ಯಾನ್ ಸ್ಟಾರ್ಕ್ ಕೂತು, ಆ ರಾಜಕುಮಾರನ ಮಗ ಜಾನ್ ಸ್ನೋ ಹಾದರಕ್ಕೆ ಹುಟ್ಟಿದವನಲ್ಲ ಎಂದು ತೀರ್ಮಾನಿಸುವುದು ಆ ಪುಟದ ಆಧಾರದ ಮೇಲೆ. ಎಂಟನೇ ಸೀಸನ್ ಪೂರ್ತಿ ಆ ಸುದ್ದಿಯ ಭಾರದಲ್ಲಿ ನಲುಗುತ್ತದೆ. ಕೊಂಡಿಗಳು ಇಲ್ಲೂ ಮೂರೇ: ಕಲಿಕೆ, ದಿನಚರಿ, ಹುಟ್ಟಿನ ಗುಟ್ಟು. ಇದನ್ನು ಯಾವ ಪಾತ್ರವೂ ಬಾಯಿ ಬಿಟ್ಟು ಹೇಳುವುದಿಲ್ಲ, ಶಿರೀನ್‌ಳ ಹೆಸರನ್ನು ಯಾರೂ ಅಲ್ಲಿ ಎತ್ತುವುದಿಲ್ಲ. ನಾಲ್ಕನೇ ಕಾಲಂ ಇಲ್ಲದೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಕೆಂಪು ಶಾಯಿ. 5.9ರಲ್ಲಿ ಡಾವೋಸ್‌ನನ್ನು ಸ್ಟ್ಯಾನಿಸ್ ಬೇಕೆಂದೇ ದೂರ ಕಳಿಸುತ್ತಾನೆ. ಹೊರಡುವ ಮುಂಚೆ ಡಾವೋಸ್ ತಾನು ಕೆತ್ತಿದ ಮರದ ಸಾರಂಗವನ್ನು ಹುಡುಗಿಯ ಕೈಗಿಡುತ್ತಾನೆ. ಅವಳ ಸುಡುವಿಕೆಯಿಂದ ಹಿಮ ಕರಗಿತು, ಆದರೆ 5.10ರಲ್ಲಿ ಬೆಳಗಾಗುವಷ್ಟರಲ್ಲಿ ಅರ್ಧ ಸೈನ್ಯ ಕುದುರೆಗಳ ಸಮೇತ ಹೋಗಿದೆ, ತಾಯಿ ಮರಕ್ಕೆ ನೇಣು ಹಾಕಿಕೊಂಡಿದ್ದಾಳೆ, ಸ್ಟ್ಯಾನಿಸ್‌ನ ಬೆಂಕಿ ದೇವರ ಪೂಜಾರಿಣಿ ಮೆಲಿಸಾಂಡ್ರೆ ಪರಾರಿ, ಸ್ಟ್ಯಾನಿಸ್‌ನ ಕತೆಯೂ ಅಂದೇ ಮುಗಿಯಿತು. ಪರಾರಿಯಾದ ಮೆಲಿಸಾಂಡ್ರೆ ಸೇರಿದ್ದು ಕ್ಯಾಸಲ್ ಬ್ಲ್ಯಾಕ್. 6.2ರಲ್ಲಿ ಸತ್ತ ಜಾನ್‌ಗೆ ಜೀವ ಬರಿಸಲು ಅವಳು ಅಲ್ಲಿರುವುದಕ್ಕೆ ಕಾರಣ ಇದೇ ಸೋಲು.

ಆಮೇಲೆ 6.9. ಯುದ್ಧದ ಹಿಂದಿನ ರಾತ್ರಿ ನಿದ್ದೆ ಬಾರದೆ ಓಡಾಡುವ ಡಾವೋಸ್‌ಗೆ ಹಿಮದ ನಡುವೆ ಸುಟ್ಟ ಜಾಗ ಸಿಗುತ್ತದೆ, ಅದರಲ್ಲಿ ಕಪ್ಪಾದ ಆ ಸಾರಂಗ. ಈ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಅವನು ಬಗ್ಗಿ ಎತ್ತಿಕೊಳ್ಳುತ್ತಾನೆ, ಅಂಗೈಯಲ್ಲಿ ತಿರುಗಿಸುತ್ತಾನೆ, ಏನಾಗಿದೆ ಎಂದು ಅವನಿಗೆ ಅರ್ಥವಾಗುವುದು ನಮಗೆ ಕಾಣುತ್ತದೆ. ಯಾರೂ ಮಾತಾಡುವುದಿಲ್ಲ. ಸತ್ತು ಒಂದು ಸೀಸನ್ ಆದ ಮೇಲೂ ಹುಡುಗಿಯೊಬ್ಬಳು ದೃಶ್ಯವನ್ನು ಆಳುತ್ತಿದ್ದಾಳೆ, ತೆರೆಯ ಮೇಲೆ ಇಲ್ಲದೆಯೇ. 6.10ರಲ್ಲಿ ಅವನು ಅದನ್ನು ಮೆಲಿಸಾಂಡ್ರೆಯತ್ತ ಎಸೆದು, ಇದು ಯಾರದೆಂದು ಜಾನ್‌ನ ಎದುರೇ ಹೇಳಿಸುತ್ತಾನೆ. ಜಾನ್ ಅವಳನ್ನು ಉತ್ತರದಿಂದ ಗಡಿಪಾರು ಮಾಡುತ್ತಾನೆ. ದಕ್ಷಿಣಕ್ಕೆ ಹೋದ ಅವಳು 7.2ರಲ್ಲಿ ಸಿಂಹಾಸನಕ್ಕೆ ಹಕ್ಕು ಹೂಡಿದ ಡೆನೇರಿಸ್‌ಳ ಮುಂದೆ ನಿಂತು, ಜಾನ್ ಸ್ನೋನನ್ನು ಕರೆಸು ಎಂದು ಸಲಹೆ ಕೊಡುತ್ತಾಳೆ. ಸಾರಂಗದಿಂದ ಎಣಿಸಿದರೆ ಗಡಿಪಾರು, ಭೇಟಿ, ಕರೆ. ಮತ್ತೆ ಮೂರು.

ನೀಲಿಯಲ್ಲಿ ಎರಡು ಗಟ್ಟಿ ಸಾಲು, ಕೆಂಪಿನಲ್ಲಿ ಎರಡು. ಶಿರೀನ್ ಕತೆಗೆ ಬೇಕಿದ್ದ ಪಾತ್ರ, ಅದರಲ್ಲಿ ಅನುಮಾನವೇ ಬೇಡ. ಅವಳ ಮಹತ್ವ ಬೆಂಕಿಯಿಂದ ಬಂತು ಎನ್ನುವವರು ಅವಳ ಅರ್ಧ ಬದುಕನ್ನು ಓದದೆ ಬಿಟ್ಟಿದ್ದಾರೆ. ಅವಳು ಅಕ್ಷರ ಕಲಿಸಿದವಳು, ಕತೆ ತಿರುಗಿದ ಎರಡು ಕಡೆ ಆ ಅಕ್ಷರವೇ ಕೀಲಿಯಾಯಿತು.

ರಿಕನ್: ವಸ್ತುವಿನ ಪರೀಕ್ಷೆ

ಸ್ಟಾರ್ಕ್ ಮನೆಯ ಕಿರಿಯ ಮಗನನ್ನು ತೂಗಲು ಇನ್ನೊಂದು ಪರೀಕ್ಷೆ ಬೇಕು. ಪಾತ್ರದ ಜಾಗದಲ್ಲಿ ಒಂದು ವಸ್ತುವನ್ನು ಇಟ್ಟು ನೋಡಿ. ಖಡ್ಗ, ಪತ್ರ, ಒತ್ತೆಯಿಟ್ಟ ಕೋಟೆ, ಏನಾದರೂ ಆಗಲಿ. ಕತೆ ಹಾಗೆಯೇ ನಡೆದರೆ ಆ ಪಾತ್ರವನ್ನು ಬರೆದವರು ಮನುಷ್ಯನಂತೆ ಬಳಸಿಲ್ಲ.

ರಿಕನ್ 3.9ರಲ್ಲಿ ಅಣ್ಣ ಬ್ರ್ಯಾನ್‌ನಿಂದ ಬೇರೆಯಾಗುತ್ತಾನೆ, ನಾಲ್ಕು ಮತ್ತು ಐದನೇ ಸೀಸನ್‌ನಲ್ಲಿ ಕಾಣುವುದೇ ಇಲ್ಲ, 6.3ರಲ್ಲಿ ಸ್ಟಾರ್ಕ್ ಮನೆಯ ಶತ್ರು ರಾಮ್ಸಿಗೆ ಕಾಣಿಕೆಯಾಗಿ ಬರುತ್ತಾನೆ, 6.9ರಲ್ಲಿ ಬಾಣಕ್ಕೆ ಬೀಳುತ್ತಾನೆ. ಮರಳಿ ಬಂದ ಮೇಲೆ ಅವನ ಬಾಯಲ್ಲಿ ಒಂದು ಮಾತೂ ಇಲ್ಲ. ನ್ಯಾಯವಾಗಿ ಹೇಳುವುದಾದರೆ ಕೆಂಪು ಕಾಲಂನಲ್ಲಿ ಅವನಿಗೂ ಎರಡು ಸಾಲಿದೆ. 6.4ರಲ್ಲಿ ರಾಮ್ಸಿಯ ಪತ್ರದಲ್ಲಿ ರಿಕನ್‌ನ ಸುದ್ದಿ ಬಂದ ಮೇಲೆಯೇ, ಹೋರಾಡಿ ಸಾಕಾಗಿದೆ ಎನ್ನುತ್ತಿದ್ದ, ಸ್ಟಾರ್ಕ್ ಮನೆಯಲ್ಲೇ ಬೆಳೆದ ಜಾನ್ ಯುದ್ಧಕ್ಕೆ ಒಪ್ಪುತ್ತಾನೆ. 6.9ರಲ್ಲಿ ತಮ್ಮ ಬಿದ್ದದ್ದು ಕಂಡು ಜಾನ್ ಸಾಲು ಮುರಿದು ಒಂಟಿಯಾಗಿ ನುಗ್ಗುತ್ತಾನೆ, ಯುದ್ಧದ ಯೋಜನೆ ಅಲ್ಲೇ ಹಳ್ಳ ಹಿಡಿಯುತ್ತದೆ.

ಆದರೆ ನೀಲಿ ಕಾಲಂ ಖಾಲಿ. ಅವನು ಓಡಿದ, ಅಷ್ಟೇ. ಅದೂ ನೆಟ್ಟಗೆ. ಈ ‘ನೆಟ್ಟಗೆ ಏಕೆ ಓಡಿದ’ ಎಂಬ ಪ್ರಶ್ನೆ ಇಷ್ಟು ವರ್ಷವಾದರೂ ಸಾಯದಿರುವುದು ಹುಡುಗನ ದಡ್ಡತನದಿಂದಲ್ಲ. ಆ ಹೊತ್ತಿಗೆ ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನಮಗೆ ತಿಳಿಯುವಂಥ ಒಂದೇ ಒಂದು ದೃಶ್ಯವನ್ನೂ ಕೊಟ್ಟಿಲ್ಲ, ಅದರಿಂದ. 6.3 ಮತ್ತು 6.9ರ ನಡುವೆ ಅವನಿಗೆ ಎರಡು ನಿಮಿಷದ ಒಂದು ಮಾತುಕತೆ ಸಿಕ್ಕಿದ್ದರೂ ತೂಕ ಬೇರೆಯಾಗುತ್ತಿತ್ತು. ಅವನನ್ನು ಹೂಳುವ ಮಾತು ಜಾನ್‌ನ ಬಾಯಲ್ಲಿ ಬಂದು ಹೋಗುತ್ತದೆ, ಆಮೇಲೆ ಯಾರ ದೊಡ್ಡ ನಿರ್ಧಾರವೂ ಅವನ ನೆನಪಿನ ಮೇಲೆ ನಿಂತಿಲ್ಲ. ಒತ್ತೆಯಾಗಿ ಬೇಕಿದ್ದ, ಪಾತ್ರವಾಗಿ ಬೇಕಿರಲಿಲ್ಲ. ತೀರ್ಪು ಬರೆಯುವಾಗ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ, ಒಂದನ್ನು ಬಿಟ್ಟರೆ ತಪ್ಪಾಗುತ್ತದೆ.

ಹೋಡರ್: ಲೆಕ್ಕಕ್ಕೆ ಸಿಗದ ಭಾಗ

2016ರ ಮೇ 22ರಂದು ಬಂದ 6.5ರಲ್ಲಿ, ನಡೆಯಲಾಗದ ಬ್ರ್ಯಾನ್‌ನ ಆಳು ಹೋಡರ್ ಬಾಗಿಲು ಒತ್ತಿ ಹಿಡಿದು ಸತ್ತ. ‘ಹೋಲ್ಡ್ ದ ಡೋರ್’ ಎಂಬ ಕೂಗು ಸವೆದು ಸವೆದು ‘ಹೋಡರ್’ ಆದದ್ದು, ಅವನ ಹೆಸರೇ ಅವನ ಸಾವಿನ ಆಜ್ಞೆಯಾಗಿದ್ದದ್ದು ಒಂದೇ ಹೊಡೆತಕ್ಕೆ ಬಯಲಾಯಿತು. ಈ ಕಲ್ಪನೆ ಮೂಲ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರಿಂದಲೇ ಬಂದದ್ದು ಎಂದು ಧಾರಾವಾಹಿ ಮಾಡಿದ ಬೆನಿಯಾಫ್ ಮತ್ತು ವೈಸ್ ಹೇಳಿದ್ದಾರೆ.

ಘಟನೆಯ ಲೆಕ್ಕದಲ್ಲಿ ಅವನ ಸಾಲು ಚಿಕ್ಕದು: ಬ್ರ್ಯಾನ್‌ನನ್ನು ಬೆನ್ನ ಮೇಲೆ ಹೊತ್ತ, ಎಳೆದ, ಬಾಗಿಲು ಹಿಡಿದ, ಬ್ರ್ಯಾನ್ ಉಳಿದ. ಐದನೇ ಸೀಸನ್‌ನಲ್ಲಿ ಅವನು ಇಲ್ಲವೇ ಇಲ್ಲ, ಯಾರಿಗೂ ಅದು ದೊಡ್ಡ ಕೊರತೆಯಾಗಿ ಕಾಡಲಿಲ್ಲ. ಕಾಲಂಗಳನ್ನಷ್ಟೇ ನಂಬಿದರೆ ಹೋಡರ್ ಒಂದು ವಾಹನ. ಇಲ್ಲಿ ಕಾಲಂಗಳು ಸಾಲವು.

ಏಕೆಂದರೆ ಅವನ ಸಾವು ಕತೆಯ ನಿಯಮವನ್ನೇ ಬದಲಿಸಿತು. ಅದುವರೆಗೆ ಬ್ರ್ಯಾನ್ ಹಿಂದಿನದನ್ನು ನೋಡಬಲ್ಲವನಾಗಿದ್ದ, 6.5ರಿಂದ ಹಿಂದಿನದನ್ನು ಕದಡಬಲ್ಲವನಾದ, ಅದಕ್ಕೊಬ್ಬ ಹುಡುಗನ ಇಡೀ ಬದುಕು ಬೆಲೆಯಾಯಿತು. ಹೀಗೆ ನಿಯಮ ಬದಲಿಸುವ ಸಾವು ಸಿಕ್ಕಾಗ ಆರನೇ ಪ್ರಶ್ನೆಯೊಂದನ್ನು ಸೇರಿಸಿ: ಆ ಹೊಸ ನಿಯಮವನ್ನು ಮುಂದೆ ಎಷ್ಟು ಸಲ ಬಳಸಿದರು? ಹೋಡರ್ ವಿಷಯದಲ್ಲಿ ಉತ್ತರ ನೋವಿನದು. ಬ್ರ್ಯಾನ್ ಹಿಂದಿನದನ್ನು ಕದಡುವುದನ್ನು ಆ ಬಳಿಕ ಕತೆ ಮತ್ತೆ ಅಷ್ಟು ದೊಡ್ಡದಾಗಿ ಕೈಗೆತ್ತಿಕೊಳ್ಳಲಿಲ್ಲ. ಬೀಜ ನೆಟ್ಟರು, ನೀರು ಹಾಕಲಿಲ್ಲ. ಇದು ಹೋಡರ್‌ನ ಕೊರತೆಯಲ್ಲ, ಬರೆದವರದು. ಪಾತ್ರದ ತೂಕದಿಂದ ಇದನ್ನು ಕಳೆಯಬೇಡಿ, ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆದಿಡಿ.

ಪ್ರತಿಧ್ವನಿ ಮಾತ್ರ ಇದೆ. 7.4ರಲ್ಲಿ, ಜೊತೆಗೆ ಅಲೆದ ಮೀರಾ ಬ್ರ್ಯಾನ್‌ನಿಂದ ಬೀಳ್ಕೊಳ್ಳುವಾಗ ತನ್ನ ತಮ್ಮನ, ಹೋಡರ್‌ನ, ತೋಳ ಸಮ್ಮರ್‌ನ ಸಾವನ್ನು ಹೆಸರಿಟ್ಟು ನೆನಪಿಸುತ್ತಾಳೆ, ನೀನೂ ಆ ಗುಹೆಯಲ್ಲೇ ಸತ್ತೆ ಎನ್ನುತ್ತಾಳೆ. ಸತ್ತವರ ಹೆಸರನ್ನು ಇನ್ನೊಬ್ಬರು ನೋವಿನಿಂದ, ಕಾರಣವಿದ್ದು ಉಚ್ಚರಿಸಿದರೆ ಅದನ್ನು ನಾಲ್ಕನೇ ಕಾಲಂನಲ್ಲಿ ಪೂರ್ಣ ಸಾಲಾಗಿಯೇ ಎಣಿಸಿ.

ತಪ್ಪುವ ಜಾಗಗಳು

ಪುಸ್ತಕವನ್ನು ಬೆರೆಸಬೇಡಿ. 2011ರಲ್ಲಿ ಬಂದ ಐದನೇ ಸಂಪುಟದ ಕೊನೆಯಲ್ಲಿ ಶಿರೀನ್ ಇನ್ನೂ ಬದುಕಿದ್ದಾಳೆ. ಅಲ್ಲಿನ ತೂಕ ಅಲ್ಲಿಗೆ, ಇಲ್ಲಿನದು ಇಲ್ಲಿಗೆ. ಪುಸ್ತಕ ಉಪಯೋಗಕ್ಕೆ ಬರುವುದು ಐದನೇ ಕಾಲಂಗೆ ಮಾತ್ರ, ಅದೇ ಕೆಲಸ ಅಲ್ಲಿ ಬೇರೆಯವರ ಕೈಯಿಂದ ಆಗಿದೆಯೇ ಎಂದು ನೋಡಲು. ಇದಕ್ಕೆ ಒಳ್ಳೆಯ ಉದಾಹರಣೆ ವೇಶ್ಯೆ ರೋಸ್. ಪುಸ್ತಕದಲ್ಲಿ ಅವಳೇ ಇಲ್ಲ, ಧಾರಾವಾಹಿಗೆಂದು ಹುಟ್ಟಿದ ಪಾತ್ರ. ಆಸ್ಥಾನದ ಕುತಂತ್ರಿ ಲಿಟಲ್‌ಫಿಂಗರ್ ತನ್ನ ಹಡಗಿಗೆ ಎರಡು ಹಾಸಿಗೆ ಹೇಳಿದ್ದಾನೆ, ಅಂದರೆ ಸ್ಟಾರ್ಕ್ ಮನೆಯ ಸಾನ್ಸಾಳನ್ನು ಕರೆದೊಯ್ಯಲಿದ್ದಾನೆ ಎಂಬ ಸುಳಿವನ್ನು 3.4ರಲ್ಲಿ ಗೂಢಚಾರರ ಒಡೆಯ ವೇರಿಸ್‌ಗೆ ಕೊಟ್ಟವಳು ಅವಳು. ವೇರಿಸ್ ಟೈರೆಲ್ ಮನೆತನದ ಅಜ್ಜಿ ಒಲೆನ್ನಾಗೆ ಹೇಳಿದ, ಟೈರೆಲ್‌ಗಳು ಸಾನ್ಸಾಳನ್ನು ತಮ್ಮ ಮನೆಯ ಲೋರಸ್‌ಗೆ ತರಲು ಹೊರಟರು, ಅದನ್ನು ಮುರಿಯಲು 3.5ರಲ್ಲಿ ಲ್ಯಾನಿಸ್ಟರ್ ಮನೆಯ ಯಜಮಾನ ಟೈವಿನ್ ಅವಳನ್ನು ಮಗ ಟಿರಿಯನ್‌ಗೆ ಕಟ್ಟಲು ತೀರ್ಮಾನಿಸಿದ. ಮದುವೆ ನಾಲ್ಕನೇ ಕೊಂಡಿ, ಮಿತಿ ಮೀರಿತು. ಟೈರೆಲ್‌ಗಳ ಯೋಜನೆಯವರೆಗೆ ಮೂರು, ಅಷ್ಟನ್ನು ಅವಳ ಖಾತೆಗೆ ಕೊಡಿ. ಪುಸ್ತಕದಲ್ಲಿ ಟೈರೆಲ್‌ಗಳು ರೋಸ್ ಇಲ್ಲದೆಯೂ ಸಾನ್ಸಾಳ ಮದುವೆಗೆ ಹೊರಡುತ್ತಾರೆ, ಹಾಗಾಗಿ ಐದನೇ ಕಾಲಂನಲ್ಲಿ ‘ಹೌದು’.

ಆದರೂ ವೇರಿಸ್‌ನ ಕಡೆ ಸೇರಿದ್ದು ಅವಳ ಸ್ವಂತ ನಿರ್ಧಾರ. ಅಂಥವಳನ್ನು 3.6ರಲ್ಲಿ ಬೇರೊಬ್ಬನ ಭಾಷಣದ ಹಿನ್ನೆಲೆಗೆ ಬಾಣ ನಾಟಿದ ಹೆಣವಾಗಿ ತೋರಿಸಿದರು. ಕತೆಗೆ ಬೇಕಿತ್ತೇ ಎಂಬುದು ಒಂದು ಪ್ರಶ್ನೆ, ಕತೆ ಆ ಪಾತ್ರವನ್ನು ಮರ್ಯಾದೆಯಿಂದ ಕಳಿಸಿಕೊಟ್ಟಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಬರುವ ಪಾತ್ರಗಳು ಬೇಕಾದಷ್ಟಿವೆ. ಸದ್ದಿಲ್ಲದೆ ನೋಡಿದಾಗ ಕ್ಯಾಮೆರಾ ಯಾರ ಮುಖದ ಮೇಲಿತ್ತು ಎಂದು ಗುರುತು ಹಾಕಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ತುಣುಕು ವಿಡಿಯೊ ನೋಡಿ ತೀರ್ಪು ಕೊಡಬೇಡಿ. ತುಣುಕುಗಳಲ್ಲಿ ಸಾವು ಉಳಿಯುತ್ತದೆ, ಓದು ಕಲಿಸುವ ದೃಶ್ಯ ಉಳಿಯುವುದಿಲ್ಲ. ನಟನ ಮೇಲಿನ ಪ್ರೀತಿಯನ್ನು ಪಾತ್ರದ ಲೆಕ್ಕಕ್ಕೆ ಹಾಕಬೇಡಿ.

ಕೈ ಪಳಗಲು, ಸ್ಟಾರ್ಕ್ ಮನೆಯ ಹುಡುಗಿ ಆರ್ಯಾಗೆ ಕತ್ತಿವರಸೆ ಕಲಿಸಿದ ಸಿರಿಯೋ ಫೊರೆಲ್‌ನನ್ನು ತೆಗೆದುಕೊಳ್ಳಿ. ಅವನ ಸಾವನ್ನು ತೆರೆಯ ಮೇಲೆ ತೋರಿಸಿಲ್ಲ, ಆದ್ದರಿಂದ ಸಾವಿನ ದೃಶ್ಯದ ಸೆಳೆತ ನಿಮ್ಮನ್ನು ಎಳೆಯುವುದಿಲ್ಲ. 1.3, 1.6, 1.8 ನೋಡಿ ಮೊದಲ ಮೂರು ಕಾಲಂ ತುಂಬಿ. ಆಮೇಲೆ 4.5ರಲ್ಲಿ ಹೌಂಡ್ ಅವನ ಬಗ್ಗೆ ಏನೆನ್ನುತ್ತಾನೆ, 7.4ರಲ್ಲಿ ಇದನ್ನು ಕಲಿಸಿದ್ದು ಯಾರೆಂದು ಬ್ರಿಯೆನ್ ಕೇಳಿದಾಗ ಆರ್ಯಾ ಯಾರ ಹೆಸರು ಹೇಳುತ್ತಾಳೆ, 8.3ರಲ್ಲಿ ಸಾವಿನ ದೇವರಿಗೆ ಕೊಡಬೇಕಾದ ಉತ್ತರವನ್ನು ಮೆಲಿಸಾಂಡ್ರೆ ನೆನಪಿಸಿದ ಮೇಲೆ ಆರ್ಯಾ ಎತ್ತ ಓಡುತ್ತಾಳೆ ಎಂದು ನೋಡಿ ನಾಲ್ಕನೆಯದನ್ನು ತುಂಬಿ. 7.4ರ ಉತ್ತರ ಸಿರಿಯೋನ ಖಾತೆಗೆ ಸೇರುವುದಿಲ್ಲ, 8.3ರದು ಸೇರುತ್ತದೆ. ಆ ಎರಡನ್ನು ಪಕ್ಕಪಕ್ಕ ಇಟ್ಟು ಐದನೇ ಕಾಲಂನಲ್ಲಿ ಯಾವ ಪದ ಬರೆಯಬೇಕೆಂದು ಯೋಚಿಸಿ.